ಆನ್‌ಲೈನ್ ಸ್ಕೂಲಿಗೆ ಎಷ್ಟು ಎತ್ತಿಡ್ಬೇಕು? ಫೀಸ್ ಒಂದೇ ನೋಡ್ಬೇಡಿ

ಪ್ರಶ್ನೆ: ನಮ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ, ಎರಡೆಕರೆ ಅಡಿಕೆ ತೋಟ. ಮಗಳು ಈ ವರ್ಷ ಏಳನೇ ಕ್ಲಾಸ್ ಮುಗಿಸ್ತಾಳೆ. ಈಗಿನ ಪ್ರೈವೇಟ್ ಸ್ಕೂಲಿಗೆ ವರ್ಷಕ್ಕೆ 30 ಸಾವಿರ ಫೀಸು, ವ್ಯಾನಿಗೆ ತಿಂಗಳಿಗೆ 2,200 ಹಂಗೆ ಹತ್ತು ತಿಂಗಳು. ಮಳೆಗಾಲದಲ್ಲಿ ಬೆಳಿಗ್ಗೆ ಏಳಕ್ಕೆ ಹೋದೋಳು ಸಂಜೆ ಆರಕ್ಕೆ ಒದ್ದೆಮುದ್ದೆಯಾಗಿ ಬರ್ತಾಳೆ, ನೋಡೋಕಾಗಲ್ಲ. ಎಂಟನೇ ಕ್ಲಾಸಿಂದ ಪೂರ್ತಿ ಆನ್‌ಲೈನ್ ಸ್ಕೂಲಿಗೇ ಸೇರ್ಸೋಣ, ಅಲ್ಲಿ 48 ಸಾವಿರ, ವ್ಯಾನ್ ದುಡ್ಡು ಉಳಿಯುತ್ತೆ ಅಂತಾರೆ ನಮ್ಮನೆಯವ್ರು. ನನಗ್ಯಾಕೋ ಅಷ್ಟಕ್ಕೇ ಮುಗಿಯಲ್ಲ ಅನ್ಸುತ್ತೆ. ನಿಜವಾಗ್ಲೂ ಎಷ್ಟಾಗುತ್ತೆ?
ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ನಿಮ್ಗೆ ಅನ್ಸಿದ್ದು ಸರಿ ಅಕ್ಕ. ನಿಮ್ಮನೆಯವ್ರು 52 ಸಾವಿರಕ್ಕೆ 48 ಸಾವಿರ ಹೋಲಿಸ್ತಿದಾರೆ, ಆದ್ರೆ ಆ 48ರಲ್ಲಿ ಇಂಟರ್ನೆಟ್ಟೂ ಇಲ್ಲ, ಕರೆಂಟೂ ಇಲ್ಲ, ಪರೀಕ್ಷೆನೂ ಇಲ್ಲ.

ಮೊದ್ಲು ಆ ಸ್ಕೂಲಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಯಾವ ಬೋರ್ಡಿಂದ ಬರುತ್ತೆ ಅಂತ. ಬರೀ ಆನ್‌ಲೈನಲ್ಲಿ ಪಾಠ ಮಾಡೋ ಎಷ್ಟೋ ಕಡೆ ಮಕ್ಳನ್ನ ಎನ್‌ಐಒಎಸ್, ಅಂದ್ರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ, ಅದ್ರ ಮೂಲಕ ಹತ್ತನೇ ಪರೀಕ್ಷೆ ಬರೆಸ್ತಾರೆ. ಅದು ತಪ್ಪಲ್ಲ, ಆ ಸರ್ಟಿಫಿಕೇಟಿಗೆ ಮಾನ್ಯತೆ ಇದೆ, 14 ವರ್ಷ ತುಂಬಿದ್ರೆ ಹತ್ತನೇದಕ್ಕೆ ಸೇರ್ಬಹುದು, ಪರೀಕ್ಷೆ ಏಪ್ರಿಲ್-ಮೇ ಒಂದ್ಸಲ ಅಕ್ಟೋಬರ್-ನವೆಂಬರ್ ಇನ್ನೊಂದ್ಸಲ ನಡೆಯುತ್ತೆ. ಆದ್ರೆ ಅಲ್ಲಿ ಪರೀಕ್ಷೆ ಫೀಸು ಸಬ್ಜೆಕ್ಟ್ ಲೆಕ್ಕದಲ್ಲಿ, ಪ್ರಾಕ್ಟಿಕಲ್ ಇದ್ರೆ ಅದಕ್ಕೆ ಬೇರೆ, ಮತ್ತೆ ಸೆಂಟರ್ ನಿಮ್ಮೂರ ಹತ್ರನೇ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ಪೇಪರ್‌ಗಳ ಮಧ್ಯೆ ಸುಮಾರು ದಿನ ಗ್ಯಾಪ್ ಇರುತ್ತೆ, ಪ್ರತಿ ಪೇಪರಿಗೂ ಮಗು ಜೊತೆ ಒಬ್ರು ದೊಡ್ಡೋರು ಬಸ್ ಹತ್ತಬೇಕು, ಇಲ್ಲಾ ನೆಂಟ್ರ ಮನೇಲಿ ಉಳೀಬೇಕು. ವಿದೇಶಿ ಬೋರ್ಡ್ ಅಂದ್ರಂತೂ ಪರೀಕ್ಷೆ ಫೀಸೇ ದೊಡ್ಡ ಮೊತ್ತ. ಅದಕ್ಕೇ ಒಂದು ವರ್ಷದ ಲೆಕ್ಕ ಹಾಕ್ಬೇಡಿ, ಎಂಟು, ಒಂಬತ್ತು, ಹತ್ತು, ಮೂರೂ ವರ್ಷದ್ದು ಒಟ್ಟಿಗೆ ಹಾಕಿ.

ಇನ್ನು ನೆಟ್ಟು. ವೀಡಿಯೋ ಕ್ಲಾಸಿಗೆ ಗಂಟೆಗೆ ಹೆಚ್ಚುಕಮ್ಮಿ ಒಂದು ಜಿಬಿ ಹೋಗುತ್ತೆ, ದಿನಾ ನಾಲ್ಕು ಗಂಟೆ ಕ್ಲಾಸ್ ಅಂದ್ರೆ ದಿನಕ್ಕೆ 2 ಜಿಬಿ ಕೊಡೋ ಮೊಬೈಲ್ ಪ್ಯಾಕು ಎರಡನೇ ಪೀರಿಯಡ್ಡಿಗೇ ಖಾಲಿ. ಅದೂ 28 ದಿನದ ಪ್ಯಾಕಾದ್ರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸ್ಬೇಕು. ಹಂಗಾಗಿ ಫೈಬರ್ ಬೇಕೇ ಬೇಕು. ತಿಂಗಳಿಗೆ 500ರ ಪ್ಲಾನ್ ಅಂತ ಇಟ್ಕೊಂಡ್ರೂ 18% ಜಿಎಸ್‌ಟಿ ಸೇರಿ 590, ವರ್ಷಕ್ಕೆ 7,080. ನಿಮ್ಮ ಕಡೆ ಫೈಬರ್ ವೈರು ಕರೆಂಟ್ ಕಂಬದ ಮೇಲೋ ಮರದಿಂದ ಮರಕ್ಕೋ ಎಳ್ದಿರ್ತಾರೆ, ಜುಲೈ ಗಾಳಿಗೆ ಒಂದು ಕೊಂಬೆ ಬಿದ್ರೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತೆ, ಲೈನ್‌ಮ್ಯಾನ್ ಬರೋವರೆಗೆ ಕಾಯ್ಬೇಕು. ಸೇರ್ಸೋ ಮುಂಚೆ ನಿಮ್ಮೂರಲ್ಲೇ ಫೈಬರ್ ಹಾಕ್ಸಿರೋರನ್ನ ಕೇಳಿ, ಹೋದ ಮಳೆಗಾಲದಲ್ಲಿ ಒಟ್ಟು ಎಷ್ಟು ದಿನ ನೆಟ್ ಇರ್ಲಿಲ್ಲ ಅಂತ. ಕಂಪನಿಯೋರು ಹೇಳೋ ಸ್ಪೀಡಿಗಿಂತ ಈ ಉತ್ತರ ಮುಖ್ಯ.

ಇನ್ವರ್ಟರ್ ಬ್ಯಾಟರಿನೂ ಲೆಕ್ಕಕ್ಕೆ ತಗೊಳ್ಳಿ. 14 ಸಾವಿರದ ಬ್ಯಾಟರಿ ನಾಲ್ಕು ವರ್ಷ ಬಂತು ಅಂದ್ರೆ ವರ್ಷಕ್ಕೆ 3,500. 36 ಸಾವಿರದ ಲ್ಯಾಪ್‌ಟಾಪೂ ನಾಲ್ಕು ವರ್ಷಕ್ಕೆ ಅಂದ್ರೆ ವರ್ಷಕ್ಕೆ 9,000. ಏಪ್ರಿಲ್-ಮೇನ ಗುಡುಗು ಮಿಂಚಿಗೆ ರೂಟರ್ರು, ಅಡಾಪ್ಟರ್ರು ಸುಟ್ಟುಹೋಗೋದು ಮಲೆನಾಡಲ್ಲಿ ಮಾಮೂಲಿ, ಮೋಡ ಕಟ್ಟಿದ ಕೂಡ್ಲೇ ಪ್ಲಗ್ ಕಿತ್ತಿಡೋ ಅಭ್ಯಾಸ ಮಾಡ್ಸಿ. ನೋಟ್ಸ್ ಪ್ರಿಂಟು, ಪುಸ್ತಕ ಎಲ್ಲಾ 4,000 ಇಡಿ. ಕೂಡಿದ್ರೆ 71,580. ಇದು ನಾನು ಹಾಕಿದ ಅಂದಾಜು ರೇಟು, ನಿಮ್ಮ ಪೇಟೆ ರೇಟು ಹಾಕಿ ತಿದ್ಕೊಳ್ಳಿ, ಆದ್ರೆ 48ಕ್ಕಂತೂ ಇಳಿಯಲ್ಲ. ಪರೀಕ್ಷೆ ಖರ್ಚು ಇನ್ನೂ ಸೇರ್ಸಿಲ್ಲ.

ಯಾವ ರಸೀದಿಲೂ ಬರದೇ ಇರೋ ಖರ್ಚು ಒಂದಿದೆ, ಅದು ನಿಮ್ಮ ಸಮಯ. ಹನ್ನೆರಡು-ಹದಿಮೂರು ವರ್ಷದ ಹುಡ್ಗಿ ಒಬ್ಬಳೇ ಸ್ಕ್ರೀನ್ ಮುಂದೆ ದಿನವಿಡೀ ಕೂತು ಓದ್ತಾಳೆ ಅಂತ ನಂಬ್ಕೊಂಡು ತೋಟಕ್ಕೆ ಹೋಗೋಕಾಗಲ್ಲ. ಅಡಿಕೆ ಗೊನೆ ಕೊಯ್ಲಿನ ಟೈಮಲ್ಲಿ ಸುಲಿಯೋರು, ಬೇಯ್ಸೋರು ಅಂತ ಮನೆ ತುಂಬ ಜನ, ಆಗ ಅವಳಿಗೆ ಬಾಗಿಲು ಹಾಕ್ಕೊಳ್ಳೋಕೆ ಒಂದು ರೂಮಾದ್ರೂ ಇದ್ಯಾ? ನೀವು ತೋಟದ ಕೆಲಸ ಒಂದೊಪ್ಪತ್ತು ಬಿಟ್ರೆ ಬೇರೆಯವ್ರಿಗೆ ಕೂಲಿ ಕೊಡ್ಬೇಕು, ಅದೂ ಸ್ಕೂಲಿನ ಖರ್ಚೇ.

ದುಡ್ಡು ಬರೋ ಟೈಮೂ ನೋಡ್ಕೊಳ್ಳಿ. ಫೀಸ್ ಕೇಳೋದು ಜೂನಲ್ಲಿ, ಅದೇ ಹೊತ್ತಿಗೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋ ಖರ್ಚೂ ಬಂದು ಕೂತಿರುತ್ತೆ, ಕೈಲಿ ಕಾಸಿರಲ್ಲ. ಮಂಡಿಲಿ ಅಡ್ವಾನ್ಸ್ ತಂದು ಫೀಸ್ ಕಟ್ಬೇಡಿ. ಅಡಿಕೆ ಮಾರಿದ ದಿನವೇ ಮುಂದಿನ ವರ್ಷದ್ದು ತೆಗೆದು ಬೇರೆ ಅಕೌಂಟಿಗೆ ಹಾಕಿಡಿ, ಎರಡನೇ ಕಂತು ಜನವರಿ ಮೇಲೆ ಕಟ್ತೀವಿ ಅಂತ ಸ್ಕೂಲಿಂದ ಬರವಣಿಗೆಲೇ ಒಪ್ಪಿಗೆ ತಗೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ರೆ, ದುಡ್ಡು ಉಳಿಯುತ್ತೆ ಅನ್ನೋ ಕಾರಣಕ್ಕೆ ಮಾತ್ರ ಬದಲಾಯಿಸ್ಬೇಡಿ, ಉಳಿಯಲ್ಲ. ಮಳೆಲಿ ಮಗು ಪಡೋ ಕಷ್ಟ ತಪ್ಪಿಸೋದೇ ಮುಖ್ಯ ಅಂದ್ರೆ ಹತ್ರದ ಸರ್ಕಾರಿ ಹೈಸ್ಕೂಲ್ ಒಂದ್ಸಲ ನೋಡ್ಬನ್ನಿ, ಪುಸ್ತಕ, ಬಿಸಿಯೂಟ ಅಲ್ಲೇ ಸಿಗುತ್ತೆ, ಮನೇಲಿ ಸರ್ಕಾರದ ದೀಕ್ಷಾ ಆಪಿನ ಪಾಠ ಫ್ರೀಯಾಗೇ ನೋಡ್ಬಹುದು. ಅವಳಿಗೇನು ಇಷ್ಟ ಅಂತ ಅವಳನ್ನೂ ಕೇಳಿ.

ಪ್ರಶ್ನೆ: ಮಗನಿಗೆ ಒಂದು ಆಪಿನ ಕೋರ್ಸ್ ತಗೊಂಡೆ, ತಿಂಗಳಾ ತಿಂಗಳಾ ಅಕೌಂಟಿಂದ ಕಟ್ ಆಗ್ತಿದೆ, ಅವ್ನು ನೋಡ್ತಾನೇ ಇಲ್ಲ. ಬ್ಯಾಂಕಿಗೆ ಹೇಳಿ ನಿಲ್ಲಿಸ್ಬಿಡ್ಲಾ?
ಶಿವಮೊಗ್ಗದ ಓದುಗರು

ಉತ್ತರ: ತಡೀರಿ. ಮೊದ್ಲು ನೀವು ಸೈನ್ ಮಾಡಿದ ಕಾಗದ ತೆಗೆದು ನೋಡಿ, ಅದು ಕೋರ್ಸಿನ ಕಂತೋ ಅಥ್ವಾ ಬೇರೆ ಫೈನಾನ್ಸ್ ಕಂಪನಿ ನಿಮ್ಮ ಹೆಸ್ರಲ್ಲಿ ಕೊಟ್ಟ ಸಾಲವೋ ಅಂತ. ಸಾಲ ಆಗಿದ್ರೆ ಕೋರ್ಸ್ ಬಿಟ್ರೂ ಅದು ನಿಲ್ಲಲ್ಲ, ಸುಮ್ನೆ ಕಟ್ಟೋದು ನಿಲ್ಲಿಸಿದ್ರೆ ಸಿಬಿಲ್ ಸ್ಕೋರ್, ಅಂದ್ರೆ ನೀವು ಸಾಲ ಸರಿಯಾಗಿ ಕಟ್ತೀರಾ ಅಂತ ತೋರ್ಸೋ ಅಂಕ, ಹಾಳಾಗುತ್ತೆ, ನಾಳೆ ಮನೆ ಸಾಲಕ್ಕೂ ತೊಂದ್ರೆ. ಆಪ್ ಕಂಪನಿಗೂ ಸಾಲ ಕೊಟ್ಟೋರಿಗೂ ಒಂದೇ ದಿನ ಇಮೇಲ್ ಹಾಕಿ ಕ್ಯಾನ್ಸಲ್ ಮಾಡಿ ಅಂತ ಕೇಳಿ, ಫೋನಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ. ಉತ್ತರ ಬರ್ಲಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಿ. 2021ರ ಡಿಸೆಂಬರಲ್ಲಿ ಕೇಂದ್ರ ಶಿಕ್ಷಣ ಇಲಾಖೆನೇ ಇಂಥ ಕಂಪನಿಗಳ ವಿಷ್ಯದಲ್ಲಿ ಹುಷಾರು, ಆಟೋ ಡೆಬಿಟ್ ಕೊಡ್ಬೇಡಿ ಅಂತ ಪೋಷಕರಿಗೆ ಹೇಳಿತ್ತು. ಇನ್ಮುಂದೆ ಏನೇ ತಗೊಂಡ್ರೂ ಒಂದೊಂದು ತಿಂಗಳಿನದ್ದೇ ಕಟ್ಟಿ, ಮಗ ನೋಡ್ತಿದಾನೆ ಅಂತ ಗೊತ್ತಾದ್ಮೇಲೆ ಮುಂದಿನ ತಿಂಗಳದ್ದು.