ಗೆಳತಿಗೆ ಉಡುಗೊರೆ ಕೊಡಲೆಂದು ಮಸಿಬಟ್ಟೆ ಹೊಲಿದೆ, ಒಳಗೆ ದಿಂಬಿಗೆ ತುಂಬುವ ಫೈಬರ್ ಹಾಕಿದ್ದೆ. ಬಿಸಿ ತಡೆಯುತ್ತಿಲ್ಲ, ಅಂಚೂ ಸುರುಟಿಕೊಂಡಿದೆ. ಏನು ತಪ್ಪಾಗಿದೆ?

ದಿಂಬಿಗೆ ತುಂಬುವ ಫೈಬರ್ ಹಾಕಿದ್ದೆ ಅಂದಿದ್ದೀರಲ್ಲ, ಎಡವಟ್ಟಾಗಿರುವುದು ಅಲ್ಲೇ. ಅದು ಪಾಲಿಯೆಸ್ಟರ್. ಮುಟ್ಟಿದರೆ ಮೆತ್ತಗೆ ಉಬ್ಬಿರುತ್ತದೆ, ಪಾತ್ರೆ ಹಿಡಿದು ಒತ್ತಿದ ತಕ್ಷಣ ಹಪ್ಪಳವಾಗುತ್ತದೆ. ಬಿಸಿ ತಡೆಯುವುದು ಎಳೆಗಳ ನಡುವೆ ನಿಂತ ಗಾಳಿ. ಅದೇ ಹೋದ ಮೇಲೆ ಉಳಿಯುವುದು ಎರಡು ಪದರ ಬಟ್ಟೆ ಅಷ್ಟೇ. ಜೊತೆಗೆ ಪಾಲಿಯೆಸ್ಟರ್ ಕಾದ ಕಾವಲಿಗೆ ತಾಗಿದರೆ ಕರಗಿ ಅಂಟುತ್ತದೆ.

ಹಳೆಯ ಟರ್ಕಿ ಟವೆಲ್ಲೇ ಸಾಕು, ಎರಡು ಪದರ. ತೆಳ್ಳಗಿದ್ದರೆ ಮೂರು. ಮೇಲಿನ ಬಟ್ಟೆ, ಅಸ್ತರು, ನೂಲು ಎಲ್ಲವೂ ಹತ್ತಿಯದೇ ಇರಲಿ. ಅನುಮಾನವಿದ್ದರೆ ಬಟ್ಟೆಯಿಂದ ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಖಣದ ತುಂಡು ನೋಡಲು ಬಲು ಚಂದ, ಆದರೆ ಅದರಲ್ಲಿ ಹಲವು ಸಲ ಕೃತಕ ನೂಲು ಸೇರಿರುತ್ತದೆ. ಈ ಪರೀಕ್ಷೆ ಮಾಡದೆ ಬಳಸಬೇಡಿ. ಕತ್ತರಿಸುವ ಮುಂಚೆ ಎಲ್ಲವನ್ನೂ ಒಮ್ಮೆ ಒಗೆದು ಇಸ್ತ್ರಿ ಮಾಡಿ. ಇಲ್ಲವಾದರೆ ಮೊದಲ ಒಗೆತಕ್ಕೇ ಒಂದು ಪದರ ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿ ಗುಳ್ಳೆ ಏಳುತ್ತದೆ.

ಅಳತೆ ವಿಚಾರ. ವಿದೇಶಿ ವಿಡಿಯೋಗಳಲ್ಲಿ ತೋರಿಸುವ 8 ಇಂಚಿನ ಚೌಕ, ಹಿಡಿಕೆ ಇರುವ ಪಾತ್ರೆಗೆ ಸರಿ. ನಮ್ಮ ಸ್ಟೀಲ್ ಪಾತ್ರೆಯನ್ನು ಅಂಚಿನಲ್ಲೇ ಹಿಡಿಯಬೇಕು, ಅದಕ್ಕೆ ಬಟ್ಟೆ ಬಾಗಬೇಕು. ನಾನಾದರೆ 6 ಇಂಚಿನ ಒಂದು ಜೊತೆ ಹೊಲಿದು, ಪಾತ್ರೆಯ ಕೆಳಗಿಡಲು 8 ಇಂಚಿನದೊಂದು ಸೇರಿಸಿ ಕೊಡುತ್ತೇನೆ.

ಸುರುಟಿಕೊಳ್ಳುವುದಕ್ಕೆ ಕಾರಣ ಮಷೀನು. ಕೆಳಗಿನ ಹಲ್ಲು ಅಸ್ತರನ್ನು ಎಳೆಯುತ್ತಾ ಹೋಗುತ್ತದೆ, ಪಾದದಡಿಯ ಮೇಲ್ಬಟ್ಟೆ ಹಿಂದೆ ಬೀಳುತ್ತದೆ. ಅಸ್ತರು, ಟವೆಲ್ಲುಗಳನ್ನು ಒಂದಿಂಚು ದೊಡ್ಡದಾಗಿ ಕತ್ತರಿಸಿ, ಎಲ್ಲ ಪದರ ಸೇರಿಸಿ ಕೈಯಲ್ಲಿ ದೊಡ್ಡ ದೊಡ್ಡ ಟಾಕು ಹಾಕಿಕೊಳ್ಳಿ. 16 ನಂಬರ್ ಸೂಜಿ, ಇಂಚಿಗೆ 7–8 ಹೊಲಿಗೆ. ಪದರಗಳನ್ನು ಗೆರೆ ಗೆರೆಯಾಗಿ ಹೊಲಿಯುವಾಗ ನಡುವಿನ ಗೆರೆಯಿಂದ ಶುರು ಮಾಡಿ ಅಂಚಿನ ಕಡೆಗೆ ಹೋಗಿ. ಗೆರೆಗೂ ಗೆರೆಗೂ ಒಂದೂವರೆ ಇಂಚು ಬಿಡಿ. ಇನ್ನೂ ಒತ್ತಾಗಿ ಹೊಲಿದರೆ ಚಂದ ಹೆಚ್ಚುತ್ತದೆ, ಬಿಸಿ ತಡೆಯುವ ಗುಣ ಇಳಿಯುತ್ತದೆ. ಕೈಯಲ್ಲೇ ಕೌದಿಯ ಹಾಗೆ ಹೊಲಿದರೆ ಈ ಎಳೆದಾಟವೇ ಇಲ್ಲ, ತಾಳ್ಮೆ ಬೇಕು ಅಷ್ಟೆ. ಹೊಲಿದಾದ ಮೇಲೆ ಅಳತೆಗೆ ಕತ್ತರಿಸಿ, ಕಾಫಿ ಲೋಟ ಇಟ್ಟು ಮೂಲೆಗಳನ್ನು ದುಂಡಗೆ ಮಾಡಿ.

ಅಂಚಿಗೆ ಎರಡೂವರೆ ಇಂಚು ಅಗಲದ ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದು. ನೇರ ಪಟ್ಟಿ ಮೂಲೆಯಲ್ಲಿ ಬಾಗುವುದಿಲ್ಲ. 6 ಇಂಚಿನದಕ್ಕೆ, ತೂಗುಹಾಕುವ ಕುಣಿಕೆಯೂ ಸೇರಿ, 32 ಇಂಚು ಉದ್ದ ಸಾಕು. 8 ಇಂಚಿನದಕ್ಕೆ 40. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ, ಹಿಂಬದಿಗೆ ಕಾಲಿಂಚು ಒಳಗೆ ಹೊಲಿದು, ಮುಂದಕ್ಕೆ ತಿರುಗಿಸಿ ಇನ್ನೊಂದು ಹೊಲಿಗೆ. ಮೂಲೆಗಳಲ್ಲಿ ಮೋಟಾರು ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ, ಸೂಜಿ ಮುರಿಯುವುದು ಅಲ್ಲೇ. ಕುಣಿಕೆ ಚಿಕ್ಕದಿರಲಿ, ಜೋತಾಡಿದರೆ ಗ್ಯಾಸ್ ಉರಿಗೆ ಸಿಗುತ್ತದೆ.

ಕೊಡುವ ಮುಂಚೆ ಕುದಿಯುವ ನೀರಿನ ಪಾತ್ರೆ ಹಿಡಿದು ಒಲೆಯ ಮೇಲೇ ತುಸು ಎತ್ತಿ ನಿಧಾನಕ್ಕೆ ಹತ್ತು ಎಣಿಸಿ. ಕೈ ಚುರ್ ಎಂದರೆ ಇನ್ನೊಂದು ಪದರ ಬೇಕು. ಒದ್ದೆಯಾದಾಗ ಬಳಸಬಾರದೆಂದು ಗೆಳತಿಗೂ ಹೇಳಿ. ನೀರು ಕುಡಿದ ಬಟ್ಟೆ ಬಿಸಿಯನ್ನು ನೇರ ಅಂಗೈಗೆ ದಾಟಿಸುತ್ತದೆ.