ಮುಳಬಾಗಿಲು ಕಡೆ ಹೆಂಗಸರ ಆಡಳಿತ ಹೇಗಿದೆ?

ಹೆಸರಿಗೆ ಹೆಂಡತಿ ಗ್ರಾಮ ಪಂಚಾಯಿತಿ ಅಧ್ಯಕ್ಷೆ, ಆಡಳಿತ ಮಾತ್ರ ಗಂಡನದು ಅಂತ ನೀವು ಕೇಳಿದ್ದು ಸುಳ್ಳಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ನಮ್ಮ ಹೆಂಗಸರಿಗೆ ಅನ್ಯಾಯ ಮಾಡಿದ ಹಾಗೆ. ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವಳು, ಅದಕ್ಕೇ ಹೇಳುತ್ತಿದ್ದೇನೆ.

ಹೆಂಗಸರ ಮೀಸಲಾತಿ ನಿನ್ನೆ ಮೊನ್ನೆ ಬಂದದ್ದಲ್ಲ. ದೇಶದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗ ಅಂತ ಆದದ್ದು 1993ರಲ್ಲಿ. ಅದಕ್ಕೂ ಮೊದಲು, ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದಲ್ಲೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕ ಕಾಲು ಭಾಗ ಕೊಟ್ಟಿತ್ತು. 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು.

ಆಂಧ್ರ ಗಡಿಯ ಕಷ್ಟ ಬೇರೆ ಇದೆ. ಇಲ್ಲಿ ಎಷ್ಟೋ ಸೊಸೆಯಂದಿರ ತವರು ಪಲಮನೇರು, ಪುಂಗನೂರು, ಕುಪ್ಪಂ. ಅವರು ಓದಿದ್ದು ತೆಲುಗಿನಲ್ಲಿ. ಗ್ರಾಮಸಭೆಯಲ್ಲಿ ಮಾತು ಜಾಸ್ತಿ ತೆಲುಗಿನಲ್ಲೇ ನಡೆಯುತ್ತದೆ, ಆದರೆ ನಡಾವಳಿ ಬರೆಯುವುದು ಕನ್ನಡದಲ್ಲಿ. ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದ ಹೆಂಗಸು ಕೂಡ ಪುಸ್ತಕ ಮುಂದೆ ಬಂದಾಗ ಗಂಡನ ಕಡೆ ನೋಡಬೇಕಾಗುತ್ತದೆ. ಏನು ಬರೆದಿದ್ದಾರೆ ಅಂತ ಅವನು ಹೇಳಿದ್ದೇ ಸರಿ. ಅವಳಿಗೆ ಧೈರ್ಯ ಸಾಲದು ಅನ್ನುವವರು ಇದನ್ನು ನೋಡಿಲ್ಲ. ಬರೆದದ್ದನ್ನು ಸಹಿಗೆ ಮೊದಲು ಎಲ್ಲರೆದುರು ತೆಲುಗಿನಲ್ಲೂ ಓದಿ ಹೇಳಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜೊತೆಗೆ ಕನ್ನಡ ಕಲಿಸಲೂಬೇಕು. ಕಲಿಯುವ ಆಸೆ ಅವರಿಗೆ ತುಂಬಾ ಇದೆ.

ಸ್ತ್ರೀಶಕ್ತಿ ಸಂಘಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ವಾರದ ಉಳಿತಾಯ, ಸಾಲ, ಬಡ್ಡಿ ಬರೆದು ಬರೆದು ಕನ್ನಡ ಅಕ್ಷರ ಕೈಗೆ ಬಂದವರಿದ್ದಾರೆ. ಅಂಥವರು ಪಂಚಾಯಿತಿಗೆ ಗೆದ್ದು ಬಂದರೆ ಬಿಲ್ಲು ನೋಡದೆ ಸಹಿ ಹಾಕುವುದಿಲ್ಲ. ನೀರಿನ ವಿಷಯಕ್ಕಂತೂ ಯಾರ ಗಂಡನೂ ಅಡ್ಡ ಬರುವ ಹಾಗಿಲ್ಲ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಒಣಗಿರುವ ಊರುಗಳು ನಮ್ಮವು. ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಂತು, ಮೋಟಾರು ಸುಟ್ಟು ಎಷ್ಟು ದಿನ ಆಯಿತು, ಎಲ್ಲ ಅವರಿಗೆ ಗೊತ್ತು. ಬಿಂದಿಗೆ ಹೊತ್ತವರು ಅವರೇ ಅಲ್ವಾ?

ನನಗೆ ಬೇಜಾರಾಗುವುದು ಒಂದಕ್ಕೆ. ಅಧ್ಯಕ್ಷರ ಮೀಸಲಾತಿ ಈಗ ಎರಡೂವರೆ ವರ್ಷಕ್ಕೆ ಬದಲಾಗುತ್ತದೆ. ಕೆಲಸ ಕಲಿತು ಅಧಿಕಾರಿಗಳನ್ನು ಪ್ರಶ್ನೆ ಕೇಳುವಷ್ಟರಲ್ಲಿ ಕುರ್ಚಿ ಬಿಡಬೇಕು.

ವಿಧಾನಸಭೆ, ಲೋಕಸಭೆಗೂ ಮೂರನೇ ಒಂದು ಭಾಗ ಅಂತ 2023ರಲ್ಲಿ ಕಾನೂನಾಗಿದೆ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅನ್ನುವ ಷರತ್ತೂ ಅದರಲ್ಲೇ ಇದೆ. ನಮ್ಮ ಜಿಲ್ಲೆಯ ಕೆಜಿಎಫ್ ಮತದಾರರು ಅದಕ್ಕೆ ಕಾಯಲಿಲ್ಲ. 2013ರಲ್ಲಿ ಬಿಜೆಪಿಯ ವೈ. ರಾಮಕ್ಕ, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ರೂಪಕಲಾ. ಪಕ್ಷ ಬದಲಾದರೂ ಮೂರು ಸಲವೂ ಹೆಂಗಸನ್ನೇ ಗೆಲ್ಲಿಸಿದ್ದಾರೆ.