ಆಸನದಲ್ಲಿ ಭಾರಿ ಮಳೆ

ಮೂಡಿಗೆರೆ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: "ಮಳೆ ಜೋರಾಗಿದ್ದ ಒಂದು ಸಂಜೆ ನೋಟ್‌ಬುಕ್ ಹಿಡಿದು ಅರ್ಧ ಗಂಟೆ ಕನ್ನಡ ಸುದ್ದಿ ವಾಹಿನಿಗಳನ್ನು ನೋಡಿದೆ. 23 ತಪ್ಪು ಸಿಕ್ಕವು, ಪಟ್ಟಿ ಲಗತ್ತಿಸಿದ್ದೇನೆ. ಹಾಸನ ಎನ್ನಲು ಬಾರದವರು ಹಾಸನದ ಸುದ್ದಿ ಓದುತ್ತಾರೆ. ಒತ್ತಕ್ಷರ ಬರೆಯಲು ಬಾರದವರು ಪರದೆಯ ಮೇಲೆ ಅಕ್ಷರ ಬಿಡುತ್ತಾರೆ. ಮೈಕು ಹಿಡಿದ ನಮ್ಮ ಜಿಲ್ಲೆಯ ಹುಡುಗರಿಗೆ ಮೊದಲು ಒಂದು ಕನ್ನಡ ಪರೀಕ್ಷೆ ಇಡಬೇಕು. ತಾವು ಈ ಬಗ್ಗೆ ಯಾಕೆ ಬರೆಯುವುದಿಲ್ಲ?"

ಮೇಷ್ಟ್ರೇ,

ಬರೆಯುತ್ತಿದ್ದೇನೆ. ಕೆಂಪು ಶಾಯಿಯ ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಮೊದಲು ನಗು ಬಂತು. ಆಮೇಲೆ ನಿಮ್ಮ ಮೇಲೇ ಸ್ವಲ್ಪ ಸಿಟ್ಟು ಬಂತು, ಅದರ ಕಾರಣ ಮುಂದೆ ಹೇಳುತ್ತೇನೆ.

ನಗು ಬಂದದ್ದು ಐದನೇ ನಂಬರಿಗೆ: "ಹೇಮಾವತಿ ಜಲಾಶಯಕ್ಕೆ 20 ಸಾವಿರ ಟಿಎಂಸಿ ಒಳಹರಿವು." ಗೊರೂರಿನಲ್ಲಿರುವ ಆ ಅಣೆಕಟ್ಟೆ ತುಂಬಿ ತುಳುಕಿದರೂ ಹಿಡಿಯುವುದು 37.1 ಟಿಎಂಸಿ. ಇವರು ಹೇಳಿದಷ್ಟು ನೀರು ಬಂದಿದ್ದರೆ ಗೊರೂರಿನಂಥ ಐನೂರು ಅಣೆಕಟ್ಟೆ ತುಂಬಿ, ನೀವು ಪತ್ರ ಬರೆಯಲು ಇರುತ್ತಿರಲಿಲ್ಲ, ನಾನು ಉತ್ತರ ಕೊಡಲು ಇರುತ್ತಿರಲಿಲ್ಲ. ಅವರು ಹೇಳಬೇಕಿದ್ದದ್ದು ಕ್ಯೂಸೆಕ್. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಹರಿಯುವ ನೀರಿನ ಲೆಕ್ಕ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ನಿಂತ ನೀರಿನ ಲೆಕ್ಕ. ಸುಮಾರು 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ನಾಲೆ ನೀರು ನಂಬಿ ಭತ್ತ ನಾಟಿ ಮಾಡುವ ಯಾವ ರೈತನನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಸ್ಟುಡಿಯೋದಲ್ಲಿ ಮಾತ್ರ ಎರಡೂ ಒಂದೇ, ಕೇಳಲು ದೊಡ್ಡದಾಗಿದ್ದರೆ ಸಾಕು.

ಹನ್ನೊಂದನೆಯದೂ ಅದೇ ಜಾತಿ. ಕಾಫಿಯ ದರ ನಮ್ಮಲ್ಲಿ 50 ಕೆಜಿ ಮೂಟೆಗೆ ಹೇಳುವುದು. ಅದರಲ್ಲೂ ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ್ದು) ಬೇರೆ, ಅರೇಬಿಕಾ ಚೆರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಬೇರೆ, ರೋಬಸ್ಟಾದಲ್ಲಿ ಮತ್ತೆ ಅವೇ ಎರಡು. ವಾಹಿನಿಯವರು ಮೂಟೆಯ ದರವನ್ನು ಕೆಜಿಗೆ ಹಾಕಿ "ಬೆಳೆಗಾರರಿಗೆ ಬಂಪರ್" ಅಂದರಂತೆ. ತೋಟದ ಲೈನ್‌ಮನೆಯಲ್ಲಿ ಅದನ್ನು ನೋಡಿದ ಕೆಲಸದವರು ಮಾರನೇ ದಿನ ಕೂಲಿ ಜಾಸ್ತಿ ಮಾಡಿ ಅಂತ ಬಂದು ನಿಂತರು ಎಂದು ಬರೆದಿದ್ದೀರಿ. ಕೇಳಿದ್ದರಲ್ಲಿ ಏನೂ ತಪ್ಪಿಲ್ಲ ಬಿಡಿ.

ಈಗ ಉಚ್ಚಾರಣೆ. "ಆಸನದಲ್ಲಿ ಭಾರಿ ಮಳೆ, ಹಾನೆ ದಾಳಿಯಿಂದ ಬೆಳೆ ಆನಿ." ಒಂದು ಸಾಲಿನಲ್ಲಿ ಮೂರು ಪೆಟ್ಟು. ನನ್ನ ಅಜ್ಜಿ ಸಾಯುವ ತನಕ "ಆಸನಕ್ಕೆ ಓಗಿದ್ದೆ" ಅಂತಲೇ ಹೇಳುತ್ತಿದ್ದಳು. ಅವಳ ಬಾಯಲ್ಲಿ ಅದು ತಪ್ಪಾಗಿರಲಿಲ್ಲ, ಅವಳ ಊರಿನ ಮಾತಾಗಿತ್ತು. ನಮ್ಮ ಸೀಮೆಯಲ್ಲಿ ಅರ್ಧ ಜನ ಹಾಗೇ ಮಾತಾಡುತ್ತಾರೆ, ಅವರ ಬಾಯಿ ತಿದ್ದಲು ಹೋಗುವುದು ಅಹಂಕಾರ. ಆದರೆ ಅಜ್ಜಿ ಯಾವತ್ತೂ "ಹಾನೆ" ಅನ್ನಲಿಲ್ಲ ಮೇಷ್ಟ್ರೇ! ಇಲ್ಲದ ಹಕಾರ ತಂದು ಆನೆಯ ತಲೆ ಮೇಲೆ ಕೂರಿಸುವವರು ಹಳ್ಳಿಯವರಲ್ಲ. ಎಲ್ಲೋ ಯಾರೋ "ನಿನಗೆ ಹ ಬರಲ್ಲ" ಅಂತ ಗದರಿದ ಮೇಲೆ ಸಿಕ್ಕಸಿಕ್ಕಲ್ಲೆಲ್ಲ ಹ ಹಾಕುವ ಹೆದರಿಕೆ ಅದು. ಓದುವುದಕ್ಕೇ ಸಂಬಳ ಪಡೆಯುವವರಿಗೆ ಒಂದು ತಿಂಗಳು ಕೂರಿಸಿ ಕಲಿಸಿದ್ದರೆ ಹೋಗುತ್ತಿತ್ತು. ಕಲಿಸುವವರು ಯಾರು? ರೇಡಿಯೋಗೆ ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದು ಪಕ್ಕದ ಮೈಸೂರಿನಲ್ಲಿ, 1935ರಲ್ಲಿ, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಕಟ್ಟಿದ ಪುಟ್ಟ ನಿಲಯಕ್ಕೆ. ಆಕಾಶವಾಣಿಯ ವಾರ್ತೆಯ ಕನ್ನಡ ಕೇಳಿ ಎರಡು ತಲೆಮಾರು ಕಿವಿ ತಿದ್ದಿಕೊಂಡಿತ್ತು. "ಚಿಕ್ಕಮಗಳೂರು" ಅನ್ನುವಾಗ ನಡುವೆ ಸೊನ್ನೆ ಹಾಕಿ "ಚಿಕ್ಕಮಂಗಳೂರು" ಮಾಡುತ್ತಿರಲಿಲ್ಲ. ಅದು ಚಿಕ್ಕ ಮಗಳಿಗೆ ಕೊಟ್ಟ ಊರು, ದೊಡ್ಡವಳಿಗೆ ಕೊಟ್ಟದ್ದು ಹಿರೇಮಗಳೂರು ಎಂಬ ಕತೆ ಗೊತ್ತಿದ್ದವರಿಗೆ ಆ ಸೊನ್ನೆ ಹೇಗೆ ತಾನೆ ಬರುತ್ತದೆ?

ಇನ್ನು ನನ್ನ ಸಿಟ್ಟಿಗೆ ಬರುತ್ತೇನೆ. ಒತ್ತಕ್ಷರ ಬರೆಯಲು ಬಾರದ ಹುಡುಗರು ಅಂದಿರಲ್ಲ, ಪರದೆಯ ಮೇಲೆ "ರಾಜ್ಯ" ಎಂಬುದು "ರಾಜ್‌ಯ" ಎಂದು ಮುರಿದು ಬಿದ್ದದ್ದು ಹುಡುಗರ ತಪ್ಪಲ್ಲ. ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಜ, ಹಲಂತ (ಅಕಾರ ತೆಗೆಯುವ ಗುರುತು), ಯ ಮೂರೂ ಬೇರೆ ಬೇರೆ ಇರುತ್ತವೆ, ಸೇರಿಸಿ ಕೂರಿಸುವ ಕೆಲಸ ತಂತ್ರಾಂಶದ್ದು. ಕನ್ನಡ ಕೂರಿಸಲು ಬಾರದ ಗ್ರಾಫಿಕ್ಸ್ ತಂತ್ರಾಂಶ ತಂದಿಟ್ಟರೆ ಒತ್ತು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಪರಿವರ್ತಿಸದೆ ಹಾಗೇ ಅಂಟಿಸಿದರೆ ಪೂರ್ತಿ ಗೋಜಲು. ಟೈಪ್ ಮಾಡಿದ ಹುಡುಗ ಸರಿಯಾಗಿಯೇ ಮಾಡಿರುತ್ತಾನೆ. ಪ್ರಸಾರಕ್ಕೆ ಹೋಗುವ ಮೊದಲು ಪರದೆಯನ್ನು ಒಮ್ಮೆ ಕಣ್ಣೆತ್ತಿ ನೋಡುವ ಇನ್ನೊಬ್ಬ ಮನುಷ್ಯ ಅಲ್ಲಿಲ್ಲ, ಅಷ್ಟೆ.

ಆ ಇನ್ನೊಬ್ಬ ಮನುಷ್ಯನ ಬಗ್ಗೆಯೇ ನನ್ನ ಹಟ. ನಾನು ಈ ಕಸುಬಿಗೆ ಬಂದದ್ದು ಹಾಸನದ ಒಂದು ಟ್ರೆಡಲ್ ಪ್ರೆಸ್ಸಿನಲ್ಲಿ ಕರಡು ತಿದ್ದುವವನಾಗಿ. ಅಲ್ಲಿ ಪದ್ಧತಿ ಏನೆಂದರೆ ಒಬ್ಬ ಗ್ಯಾಲಿ ಪ್ರೂಫನ್ನು, ಅಂದರೆ ಕರಡಚ್ಚನ್ನು, ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಹಸ್ತಪ್ರತಿ ಹಿಡಿದು ಕೇಳಬೇಕು. ಒಂದು ಸಲ ವೈಕುಂಠ ಸಮಾರಾಧನೆಯ ಕಾರ್ಡು ಬಂತು. ನಾನು ಓದಿದೆ, ಕಾಗುಣಿತವೆಲ್ಲ ಸರಿ, ಸಹಿ ಹಾಕಿದೆ. ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಟರ್ ಅಜ್ಜ ನಾಲ್ಕನೇ ಕ್ಲಾಸು ಓದಿದವರು, ಬೆರಳ ತುದಿಯೆಲ್ಲ ಸೀಸದ ಕಪ್ಪು. ಮೊಳೆ ಕಟ್ಟುವ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದರು: "ಸಾರ್, ಸತ್ತೋರೇ ಊಟಕ್ಕೆ ಕರೀತಾ ಅವ್ರಲ್ಲ." ನೋಡಿದರೆ ತೀರಿಕೊಂಡವರ ಹೆಸರೂ ಕರೆಯುವ ಮಗನ ಹೆಸರೂ ಅದಲುಬದಲು. ಅವತ್ತಿನಿಂದ ನಾನು ಒಬ್ಬನೇ ಓದಿದ ಪುಟವನ್ನು ಅಚ್ಚಿಗೆ ಬಿಟ್ಟಿಲ್ಲ. ಆದರೂ ಮುದ್ರಾರಾಕ್ಷಸ ಸುಮ್ಮನಿರುವುದಿಲ್ಲ ಅನ್ನಿ. ನಮ್ಮ ಮಾಸಪತ್ರಿಕೆಯ ಹೋದ ಸಂಚಿಕೆಯಲ್ಲೇ ಹೇಮಾವತಿಯ ಪೂರ್ಣ ಮಟ್ಟ 2,922 ಅಡಿ ಎನ್ನುವುದು 2,292 ಆಗಿ, ಗೊರೂರು ಕಡೆಯ ಓದುಗರು ಫೋನ್ ಮಾಡಿ "ಡ್ಯಾಂ ಯಾವಾಗ ಕುಸೀತು ಸ್ವಾಮಿ" ಅಂದರು. ಈ ಸಂಚಿಕೆಯ ಮೂರನೇ ಪುಟದಲ್ಲಿ ತಿದ್ದುಪಡಿ ಇದೆ.

ಮೈಕು ಹಿಡಿದ ಹುಡುಗನಿಗೆ ಪರೀಕ್ಷೆ ಇಡಬೇಕು ಅಂದಿರಿ. ಕೆಲವು ವರ್ಷದ ಹಿಂದಿನ ಮಳೆಗಾಲದಲ್ಲಿ ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಮಣ್ಣು ಕುಸಿದಾಗ ನಾನೂ ಹೋಗಿದ್ದೆ. ಅಲ್ಲೊಬ್ಬ ಸ್ಟ್ರಿಂಗರ್ ಹುಡುಗ, ವಾಹಿನಿಯ ಬಿಡಿ ವರದಿಗಾರ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ, ಮೈಕಿಗೆ ಪ್ಲಾಸ್ಟಿಕ್ ಕವರು, ಬೆನ್ನಿಗೆ ಲೈವ್ ಬ್ಯಾಗು. ಆ ಬ್ಯಾಗಿನೊಳಗೆ ಮೂರು ನಾಲ್ಕು ಕಂಪನಿಯ ಸಿಮ್ ಇರುತ್ತವೆ, ಎಲ್ಲದರ ಸಿಗ್ನಲ್ ಕೂಡಿಸಿ ಚಿತ್ರ ಕಳಿಸಬೇಕು. ಘಟ್ಟದಲ್ಲಿ ಒಂದಕ್ಕೂ ಸಿಗ್ನಲ್ ಸರಿಯಾಗಿಲ್ಲ. ಬೆಂಗಳೂರಿನಿಂದ ನಿರೂಪಕಿ ಕೇಳಿದ ಪ್ರಶ್ನೆ ಇವನ ಕಿವಿಗೆ ಬರುವುದು ನಾಲ್ಕೈದು ಸೆಕೆಂಡ್ ತಡ. ಅಷ್ಟರಲ್ಲಿ ಆಕೆ ಮತ್ತೆ ಕೇಳಿರುತ್ತಾಳೆ. ಸಾಲದ್ದಕ್ಕೆ ಅವನದೇ ಮಾತು ವಾಪಸ್ ಅವನ ಕಿವಿಗೇ ಬಡಿಯುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಸೌಂಡ್ ನೋಡುವವನು ವರದಿಗಾರನ ದನಿಯೊಂದನ್ನು ಕಳೆದು ಉಳಿದದ್ದನ್ನು ಅವನಿಗೆ ಕಳಿಸಬೇಕು, ಮಿಕ್ಸ್ ಮೈನಸ್ ಅನ್ನುತ್ತಾರೆ. ಅದನ್ನು ಮರೆತರೆ ತನ್ನ ದನಿಯನ್ನೇ ತಾನು ಕೇಳಿ ತೊದಲದವನು ಯಾರು? ಮನೆಯಲ್ಲಿ ಸೋಫಾ ಮೇಲೆ ಕೂತ ನಮಗೆ ಅವನು ಪೆದ್ದನಂತೆ ಕಾಣುತ್ತಾನೆ.

ಅವನು ಡೆಸ್ಕಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ನಾನೇ ನೋಡಿದೆ: "ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿತ." ಹತ್ತು ನಿಮಿಷಕ್ಕೆ ಪರದೆಯ ಮೇಲೆ ಬಂದದ್ದು "ಶಿರಡಿ ಘಾಟ್‌ನಲ್ಲಿ ಗುಡ್ಡ ಕುಸಿತ". ಒಂದು ದೀರ್ಘ ಹೋಯಿತು, ಗುಡ್ಡ ಮಹಾರಾಷ್ಟ್ರಕ್ಕೆ ಹೋಯಿತು. ಅಮ್ಮನನ್ನು ಬಾಬಾ ದರ್ಶನಕ್ಕೆ ಕಳಿಸಿದ್ದ ನನ್ನ ಪರಿಚಯದವರೊಬ್ಬರು ಗಾಬರಿಯಾಗಿ ಫೋನ್ ಮಾಡಿದರು. ಹುಡುಗನಿಗೆ ಮಾತ್ರ ಆ ಮಳೆಗಾಲ ಪೂರ್ತಿ ಬಸ್ ಸ್ಟ್ಯಾಂಡಿನಲ್ಲಿ "ಏನ್ ಬಾಬಾ" ಅನ್ನುವ ಹೆಸರು ನಿಂತಿತು. ಅವನಿಗೆ ತಿಂಗಳ ಸಂಬಳವಿಲ್ಲ, ಸುದ್ದಿಗಿಷ್ಟು ಅಂತ ಲೆಕ್ಕ. ಪೆಟ್ರೋಲ್ ಅವನದೇ. ಸರಿಯಾಗಿ ಬರೆದವನು ಬೈಸಿಕೊಂಡ, ತಪ್ಪು ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಈಗ ಹೇಳಿ, ಪರೀಕ್ಷೆ ಯಾರಿಗೆ ಇಡೋಣ?

ವಾಹಿನಿಯವರ ಕಡೆಯ ಮಾತನ್ನೂ ಹೇಳದಿದ್ದರೆ ತಪ್ಪಾದೀತು. ದಿನದ 24 ಗಂಟೆ ತುಂಬಿಸುವುದು ಸುಲಭವಲ್ಲ, ನಾವು ತಿಂಗಳಿಗೊಮ್ಮೆ ಅರವತ್ತು ಪುಟ ತುಂಬಿಸಲು ತಿಣುಕುತ್ತೇವೆ. ಒಪ್ಪಿದೆ. ಆದರೆ ವೇಗದ ಹೆಸರಲ್ಲಿ ಎಲ್ಲವೂ ನಡೆಯಬಾರದು. ನಮ್ಮ ನೆಂಟರ ಮದುವೆ ದಿಬ್ಬಣ ಒಂದು ಬೆಳಿಗ್ಗೆ ಹಾಸನದಿಂದ ಪುತ್ತೂರಿಗೆ ಹೊರಟಿತ್ತು. ಟೀವಿಯಲ್ಲಿ "ಚಾರ್ಮಾಡಿ ಘಾಟ್ ಬಂದ್" ಅಂತ ಬರುತ್ತಿತ್ತು, ಹಾಗಾದರೆ ಶಿರಾಡಿಯಲ್ಲಿ ಹೋಗೋಣ ಅಂತ ಸಕಲೇಶಪುರ ದಾಟಿದರು. ಪೊಲೀಸರ ಬ್ಯಾರಿಕೇಡು. ಬಂದ್ ಆಗಿದ್ದದ್ದು ಶಿರಾಡಿ. ಬಸ್ ತಿರುಗಿಸಿ, ಹಾನುಬಾಳು, ಮೂಡಿಗೆರೆ, ಕೊಟ್ಟಿಗೆಹಾರ ಸುತ್ತಿ ಚಾರ್ಮಾಡಿ ಇಳಿಯುವಷ್ಟರಲ್ಲಿ ಮುಹೂರ್ತ ಮೀರಿ, ಹುಡುಗಿ ಕಡೆಯವರು ಎರಡನೇ ಲಗ್ನಕ್ಕೆ ಪುರೋಹಿತರ ಕಾಲು ಹಿಡಿದಿದ್ದರು. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ನಿಲ್ಲಿಸಲಿಲ್ಲ ಅನ್ನುವುದೇ ಮಾವನ ಸಿಟ್ಟು, ಅದು ಬೇರೆ ಕತೆ. ಸಂಜೆಯ ಸುದ್ದಿಯಲ್ಲಿ "ಬೆಳಿಗ್ಗೆ ತಪ್ಪು ಹೇಳಿದೆವು" ಅಂತ ಒಂದು ಸಾಲು? ಇಲ್ಲ. ಹಿಂದೆ ದೂರದರ್ಶನದಲ್ಲಿ ಚಿತ್ರ ನಿಂತರೆ "ರುಕಾವಟ್ ಕೇ ಲಿಯೇ ಖೇದ್ ಹೈ" (ಅಡಚಣೆಗೆ ವಿಷಾದವಿದೆ) ಎಂಬ ಹಲಗೆ ಬರುತ್ತಿತ್ತು. ನಾವು ಅದನ್ನು ಆಡಿಕೊಂಡು ನಗುತ್ತಿದ್ದೆವು. ಅಷ್ಟಾದರೂ ಹೇಳುತ್ತಿದ್ದರಲ್ಲ ಅಂತ ಈಗ ಅನಿಸುತ್ತದೆ.

ಎಲ್ಲಕ್ಕೂ ಟಿಆರ್‌ಪಿ ಕಾರಣ ಎಂದು ನಿಮ್ಮ ಪತ್ರದ ಕೊನೆಯಲ್ಲಿದೆ. ನಾನೂ ಹಾಗೇ ಅಂದುಕೊಂಡಿದ್ದೆ. 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ವಾಹಿನಿಗಳ ವಾರದ ರೇಟಿಂಗ್ ಪ್ರಕಟಿಸುವುದನ್ನೇ ರೇಟಿಂಗ್ ಅಳೆಯುವ ಸಂಸ್ಥೆ ಬಾರ್ಕ್ ನಿಲ್ಲಿಸಿತ್ತು. ಅಂಕವೇ ಇಲ್ಲದ ಆ ಒಂದೂವರೆ ವರ್ಷದಲ್ಲಿ ಯಾರಾದರೂ ದನಿ ತಗ್ಗಿಸಿದರೇ? ಯಾವ ವಾಹಿನಿಯಾದರೂ ಇನ್ನೊಬ್ಬ ಉಪಸಂಪಾದಕನನ್ನು ಇಟ್ಟುಕೊಂಡಿತೇ? ನನಗಂತೂ ಏನೂ ವ್ಯತ್ಯಾಸ ಕಾಣಲಿಲ್ಲ. ಚಟ ಬಿದ್ದ ಮೇಲೆ ಕಾರಣ ಬೇಕಿಲ್ಲ.

ಜಾಹೀರಾತು ಬಂದ ಕೂಡಲೇ ಸೌಂಡ್ ಎರಡರಷ್ಟಾಗಿ ಮನೆಯವರಿಗೆ ಎದೆ ಹೊಡೆದುಕೊಳ್ಳುತ್ತದೆ ಅಂದಿದ್ದೀರಿ. 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲೇ ಇದೆ: ಜಾಹೀರಾತಿನ ದನಿ ಅತಿಯಾಗಿರಬಾರದು, ಗಂಟೆಗೆ 12 ನಿಮಿಷ ಮೀರಬಾರದು, ಕಾರ್ಯಕ್ರಮ ನಡೆಯುತ್ತಿರುವಾಗ ಪರದೆಯ ಕೆಳಭಾಗದಲ್ಲಿ ಜಾಹೀರಾತಿನ ಬರಹ ಓಡಿಸಬಾರದು. ಓದಿ ನಕ್ಕುಬಿಡಿ. ನೀವು ನೋಡಿದ ಆ ಅರ್ಧ ಗಂಟೆಯಲ್ಲಿ ಪರದೆಯ ನಾಲ್ಕೂ ಕಡೆ ಬೇಲಿ ಹಾಕಿದಂತೆ ಸೀರೆ ಅಂಗಡಿ, ಚಿನ್ನದಂಗಡಿ, ಮೂಲವ್ಯಾಧಿ ಚಿಕಿತ್ಸೆ ಇದ್ದು, ನಡುವಿನ ಕಿಟಕಿಯಲ್ಲಿ ಪಾಪ ಹೇಮಾವತಿ ಹರಿಯುತ್ತಿರಲಿಲ್ಲವೇ?

ಹೀಗೆ ಶುರು ಮಾಡಿದರೆ ನಾನು ನಿಲ್ಲಿಸುವವನಲ್ಲ. ಟೀವಿಯ ರೋಗ ಟೀವಿಯಲ್ಲೇ ಇಲ್ಲ. ನಮ್ಮ ಊರಿನ ಸರ್ಕಾರಿ ಕಚೇರಿಯೊಂದರ ಮುಂದೆ "ಲಂಚ ಕೊಡುವುದು ಅಪರಾದ" ಎಂಬ ಫಲಕವಿದೆ, ಮಹಾಪ್ರಾಣ ಹೋಗಿ ಆರು ವರ್ಷವಾಯಿತು. ಬರೆದ ಪೇಂಟರನ್ನು ದೂರುವುದಿಲ್ಲ. ಕೊಟ್ಟ ಚೀಟಿಯಲ್ಲಿ ಹಾಗೇ ಇತ್ತಂತೆ. ಬಿಲ್ ಪಾಸು ಮಾಡಿದ ಸಾಹೇಬರು ಅದರ ಕೆಳಗೇ ದಿನಾ ನಡೆದು ಒಳಗೆ ಹೋಗುತ್ತಾರೆ. ಇನ್ವಿಟೇಶನ್ ಅಂಗಡಿಯವನಿಗೆ "ಒಂದ್ಸಲ ಓದಿ ನೋಡಿ" ಅಂದರೆ "ಕಂಪ್ಯೂಟರ್ ಮಾಡಿದ್ದು ಸಾರ್, ತಪ್ಪಿರಲ್ಲ" ಅನ್ನುತ್ತಾನೆ. ಆ ಕಂಪೋಸಿಟರ್ ಅಜ್ಜ ಇದ್ದಿದ್ದರೆ ಅಂಗಡಿ ಮುಂದೆಯೇ ಉಗಿಯುತ್ತಿದ್ದರು.

ನನ್ನ ಸಿಟ್ಟಿನ ಇನ್ನೊಂದು ಕಾರಣ ಬಾಕಿ ಇದೆ. 23 ತಪ್ಪು ಬರೆದುಕೊಂಡು ನೀವು ಪತ್ರ ಹಾಕಿದ್ದು ಯಾರಿಗೆ? ನನಗೆ. ನಾನೇನು ಆ ವಾಹಿನಿಯ ಮಾಲೀಕನೇ? ಕಾಪಿ ತಿದ್ದಿ, ತಪ್ಪು ಮಾಡಿದ ಹುಡುಗನ ಕೈಗೆ ಕೊಡದೆ ಪಕ್ಕದ ಮನೆಯವನಿಗೆ ಕೊಟ್ಟ ಹಾಗಾಯಿತು. 2021ರಲ್ಲಿ ತಿದ್ದಿದ ನಿಯಮದ ಪ್ರಕಾರ ವೀಕ್ಷಕರು ನೇರವಾಗಿ ವಾಹಿನಿಗೇ ದೂರು ಕೊಡಬಹುದು, 15 ದಿನದೊಳಗೆ ಅವರು ಉತ್ತರಿಸಬೇಕು. ಉತ್ತರ ಬರದಿದ್ದರೆ, ಬಂದದ್ದು ಹಿಡಿಸದಿದ್ದರೆ, ಅವರದೇ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು. ಅದಕ್ಕೂ ಮೇಲೆ ಕೇಂದ್ರ ಸರ್ಕಾರವಿದೆ. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದವರು ನೀವು, ನಿಮ್ಮ ಕೆಂಪು ಶಾಯಿಗೆ ಇನ್ನೂ ಶಕ್ತಿ ಇದೆ. ವಾಹಿನಿಯ ಹೆಸರು, ತಾರೀಖು, ಗಂಟೆ, ನಿಮಿಷ ಎಲ್ಲ ಬರೆದುಕೊಂಡಿದ್ದೀರಿ. ಇಷ್ಟು ಅಚ್ಚುಕಟ್ಟಾದ ದೂರು ಅವರಿಗೆ ಬೇರೆ ಯಾರಿಂದ ಬರಬೇಕು?

ಕಳಿಸುವ ಮೊದಲು ಒಂದು ಸಣ್ಣ ತಿದ್ದುಪಡಿ. ನಿಮ್ಮ ಪಟ್ಟಿಯನ್ನು ನಮ್ಮಲ್ಲಿ ಕರಡು ನೋಡುವ ಹುಡುಗಿಗೂ ಕೊಟ್ಟಿದ್ದೆ. ಒಂಬತ್ತನೆಯದೂ ಹದಿನಾಲ್ಕನೆಯದೂ ಒಂದೇ, ಎರಡು ಕಡೆಯೂ ಅದೇ "ಶಿರಡಿ ಘಾಟ್". ಕೆಳಗೆ ಓಡುವ ಪಟ್ಟಿ ತಿರುಗಿ ಬಂದಾಗ ಮತ್ತೆ ಬರೆದುಕೊಂಡಿದ್ದೀರಿ. ಒಟ್ಟು 22.